ಮೊದಲ ಕೆಲಸಕ್ಕೆ ದುಬಾರಿ ವಾಚು ಕಟ್ಟಿಕೊಂಡು ಹೋಗುವ ಮುನ್ನ

ಮದುವೆಯಲ್ಲಿ ಮಾವನ ಮನೆಯವರು ಒಂದು ಸ್ವಿಸ್ ವಾಚು ಕೊಟ್ಟಿದ್ದಾರೆ. ಅಥವಾ ದುಬೈನಲ್ಲಿರುವ ಚಿಕ್ಕಪ್ಪ ತಂದಿದ್ದಾರೆ. ಅಥವಾ ಮೊದಲ ಬೋನಸ್ಸಿನಲ್ಲಿ ನೀವೇ ಕೊಂಡಿದ್ದೀರಿ. ಸೋಮವಾರ ಬೆಳಗ್ಗೆ ಅದನ್ನು ಆಫೀಸಿಗೆ ಕಟ್ಟಿಕೊಂಡು ಹೋಗಬೇಕೋ, ಬೀರುವಿನಲ್ಲೇ ಬಿಡಬೇಕೋ? ಸಾಫ್ಟ್‌ವೇರ್ ಕಂಪನಿಯಲ್ಲಿ ಇದು ಪ್ರಶ್ನೆಯೇ ಅಲ್ಲ. ಅಲ್ಲಿ ಚಡ್ಡಿ ಹಾಕಿಕೊಂಡು, ಮೂರು ಲಕ್ಷದ ವಾಚು ಕಟ್ಟಿಕೊಂಡು ಹೋದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಫೈನಾನ್ಸ್‌ನಲ್ಲಿ ನೋಡುತ್ತಾರೆ. ಹೊಟ್ಟೆಕಿಚ್ಚಿಗೆ ನೋಡುತ್ತಾರೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಒಂದಿಷ್ಟು ಅದೂ ಇರಬಹುದು. ಆದರೆ ನಿಮ್ಮ ಸುತ್ತ ಕೂತವರ ಕೆಲಸವೇ ಆದಾಯಕ್ಕೂ ಖರ್ಚಿಗೂ ತಾಳೆ ಹಾಕುವುದು. ನಿಮ್ಮ ಸಂಬಳ ಅವರಿಗೆ ಹೆಚ್ಚುಕಮ್ಮಿ ಗೊತ್ತು. ಅದೇ ಬ್ಯಾಚು, ಅದೇ ಗ್ರೇಡು, ಅದೇ ಕ್ಯಾಂಪಸ್ ಪ್ಯಾಕೇಜು. ವಾಚಿನ ಬೆಲೆ ಫೋನಿನಲ್ಲಿ ಕ್ಷಣಕ್ಕೆ ಸಿಗುತ್ತದೆ. ವಂಚನೆ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಘ ಎಸಿಎಫ್‌ಇ ಎರಡು ವರ್ಷಕ್ಕೊಮ್ಮೆ ಒಂದು ವರದಿ ತರುತ್ತದೆ. ಕಂಪನಿಗೆ ಮೋಸ ಮಾಡಿ ಸಿಕ್ಕಿಬಿದ್ದವರಲ್ಲಿ ಮೊದಲೇ ಕಂಡಿದ್ದ ಲಕ್ಷಣಗಳ ಪಟ್ಟಿ ಅದರಲ್ಲಿರುತ್ತದೆ. ವರ್ಷಗಳಿಂದ ಆ ಪಟ್ಟಿಯ ಮೊದಲ ಸಾಲು ಒಂದೇ: ಆದಾಯ ಮೀರಿದ ಜೀವನ. ಆಡಿಟ್ ಕಲಿಯುವವರಿಗೆ ಇದು ಪಾಠ. ನಿಮ್ಮ ಕೈ ನೋಡುವವರು, ಪಾಪ, ಕಲಿತ ಪಾಠ ಒಪ್ಪಿಸುತ್ತಿರುತ್ತಾರೆ.

ಹಾಗಂತ ಹಾಕಲೇಬಾರದು ಅಂತಲ್ಲ. ನೋಡುವವರಿಗೆ ಲೆಕ್ಕ ಕೂಡಬೇಕು. ಕೂಡದಿದ್ದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥ ಉತ್ತರ ನಿಮ್ಮ ಹತ್ತಿರ ಇರಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಎರಡರ ಸುತ್ತಲೇ.

ಹೆಜ್ಜೆ 1: ಯಾರ ಎದುರು ಕೂರುತ್ತೀರಿ ನೋಡಿ

ಫೈನಾನ್ಸ್ ಅಂದರೆ ಒಂದೇ ಥರದ ಆಫೀಸಲ್ಲ. ಮೊದಲು ಇದನ್ನು ಬಿಡಿಸಿಕೊಳ್ಳಿ.

ಸಿಎ ಫರ್ಮ್‌ನಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವವರ ಕಡ್ಡಾಯ ತರಬೇತಿ, ಮಾಡುತ್ತಿದ್ದೀರಾ? ಹಾಗಾದರೆ ದುಬಾರಿ ವಾಚನ್ನು ಕ್ಲೈಂಟ್ ಜಾಗಕ್ಕೆ ಒಯ್ಯಬೇಡಿ. ಮಾರ್ಚ್ 31ರ ಆಸುಪಾಸಿನಲ್ಲಿ ಪೀಣ್ಯದ್ದೋ ಬೊಮ್ಮಸಂದ್ರದ್ದೋ ಗೋಡೌನಿನಲ್ಲಿ ನಿಂತು ಸ್ಟಾಕ್ ಎಣಿಸುವ ಕೆಲಸ ಬರುತ್ತದೆ. ಧೂಳು, ಎಣ್ಣೆ, ಕಬ್ಬಿಣದ ರ‍್ಯಾಕು. ಸ್ಟೀಲ್ ಪಟ್ಟಿಗೆ ಗೀರು ಬೀಳುವುದು ಗ್ಯಾರಂಟಿ. ಓಡುತ್ತಿರುವ ಮೆಷಿನ್ ಹತ್ತಿರ ಕೈಯಲ್ಲಿ ಲೋಹದ ಪಟ್ಟಿ, ಚೈನು ಇರಲೂ ಬಾರದು. ಅದಕ್ಕಿಂತ ದೊಡ್ಡ ಸಮಸ್ಯೆ ಅಕೌಂಟ್ಸ್ ಕೋಣೆಯಲ್ಲಿ. ಅಲ್ಲಿ ಇಪ್ಪತ್ತು ವರ್ಷದಿಂದ ಲೆಡ್ಜರ್ ನೋಡಿಕೊಂಡು ಬಂದ ಹಿರಿಯರೊಬ್ಬರು ಇರುತ್ತಾರೆ. ಅವರ ವೋಚರ್ ಕೇಳುವ ಹುಡುಗನ ಕೈಯಲ್ಲಿ ಅವರ ಆರು ತಿಂಗಳ ಸಂಬಳ ಮಿನುಗುತ್ತಿದ್ದರೆ, ಫೈಲು ಸುಲಭಕ್ಕೆ ಆಚೆ ಬರುವುದಿಲ್ಲ. "ನಾಳೆ ಬನ್ನಿ ಸಾರ್" ಅನ್ನುವುದು ಶುರುವಾಗುತ್ತದೆ.

ಸರ್ಕಾರಿ ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಆಗಿದ್ದರೆ ಲೆಕ್ಕವೇ ಬೇರೆ. ಮೊದಲ ಪೋಸ್ಟಿಂಗ್ ಹೆಚ್ಚಾಗಿ ಸಣ್ಣ ಊರಿಗೆ. ಅಲ್ಲಿ ಕೌಂಟರಿನ ಆಚೆ ನಿಲ್ಲುವವರು ಬೆಳೆ ಸಾಲಕ್ಕೆ ಬಂದ ರೈತರು, ಪಿಂಚಣಿಗೆ ಬಂದ ಅಜ್ಜಿಯರು. ಸಾಲ ಪಾಸಾಗದ ಮನುಷ್ಯ ಮ್ಯಾನೇಜರ ವಾಚಿಗೂ ತನ್ನ ಅರ್ಜಿಗೂ ತಾನಾಗಿಯೇ ನಂಟು ಹಾಕುತ್ತಾನೆ. ನೀವು ಒಂದು ಪೈಸೆ ಮುಟ್ಟಿರುವುದಿಲ್ಲ, ಆದರೂ ಮಾತು ಹುಟ್ಟುತ್ತದೆ. ಇದರ ಮೇಲೆ ನಿಯಮವೂ ಇದೆ. ಸರ್ಕಾರಿ ಬ್ಯಾಂಕಿನ ಅಧಿಕಾರಿಗಳು ಪ್ರತಿ ವರ್ಷ ಆಸ್ತಿ ಮತ್ತು ಸಾಲದ ವಿವರ ಕೊಡಬೇಕು. ನಿಗದಿತ ಮಿತಿ ದಾಟಿದ ಚರಾಸ್ತಿ ಕೊಂಡರೆ ಅಥವಾ ಉಡುಗೊರೆಯಾಗಿ ಪಡೆದರೆ ಮೇಲಿನವರಿಗೆ ತಿಳಿಸಬೇಕು. ಒಡವೆ, ವಾಚು ಎಲ್ಲ ಚರಾಸ್ತಿಯೇ. ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಆಗಾಗ ಬದಲಾಗುತ್ತದೆ. ನಿಮ್ಮ ಬ್ಯಾಂಕಿನ ಎಚ್‌ಆರ್ ಸರ್ಕ್ಯುಲರ್ ತೆಗೆದು ಓದಿ. ವಾಚು ಕಟ್ಟುವ ಮೊದಲು ಫಾರ್ಮ್ ತುಂಬಿ.

ಕಿರುಸಾಲ ಸಂಸ್ಥೆಯ ಫೀಲ್ಡ್ ಕೆಲಸದಲ್ಲಿರುವವರಿಗೆ ಹೇಳುವುದು ಕಡಿಮೆ. ವಾರದ ಕಂತು ಹೊಂದಿಸಲು ಒದ್ದಾಡುತ್ತಿರುವ ಹೆಂಗಸರ ಮಧ್ಯೆ ಕೂತು ಹಣ ಎಣಿಸುವ ಕೈ ಅದು. ವಸೂಲಿಯ ಕಿರುಕುಳದಿಂದ ಬೇಸತ್ತು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಕೈಗೆ ಸಾದಾ ವಾಚು ಸಾಕು.

ಬೆಂಗಳೂರಿನ ವಿದೇಶಿ ಬ್ಯಾಂಕುಗಳ ಕ್ಯಾಂಪಸ್‌ಗಳಲ್ಲಿ ಒತ್ತಡ ಕಡಿಮೆ. ಕ್ಲೈಂಟ್ ಎದುರಿಗೆ ಇರುವುದಿಲ್ಲ, ಸ್ಕ್ರೀನಿನ ಆಚೆ ಲಂಡನ್ನೋ ನ್ಯೂಯಾರ್ಕೋ ಇರುತ್ತದೆ. ಅಲ್ಲಿ ನೋಡುವವರು ನಿಮ್ಮ ಟೀಮಿನವರು, ನಿಮ್ಮ ರಿವ್ಯೂ ಬರೆಯುವವರು. ಇನ್ನು ಶ್ರೀಮಂತರ ಹಣ ನೋಡಿಕೊಳ್ಳುವ ವೆಲ್ತ್ ಮ್ಯಾನೇಜ್‌ಮೆಂಟ್ ಕೆಲಸ. ಅಲ್ಲಿ ತೀರಾ ಸಾದಾ ಇದ್ದರೂ ಕಷ್ಟ. ಒಳ್ಳೆಯ ಶೂ, ಒಳ್ಳೆಯ ವಾಚು ಅಲ್ಲಿ ಕೆಲಸದ ಭಾಗ. ಆದರೆ ಕ್ಲೈಂಟಿನ ಕೈಯಲ್ಲಿರುವುದಕ್ಕಿಂತ ನಿಮ್ಮದು ಒಂದು ಮೆಟ್ಟಿಲು ಕೆಳಗಿರಲಿ. ನಾನು ಕೊಟ್ಟ ಕಮಿಷನ್ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಅವರಿಗೆ ಅನ್ನಿಸಬಾರದಲ್ವಾ?

ಹೆಜ್ಜೆ 2: ಮೊದಲ ಮೂರು ತಿಂಗಳು ಸುಮ್ನೆ ನೋಡಿ

ಕೆಲಸಕ್ಕೆ ಸೇರಿದ ದಿನವೇ ದೊಡ್ಡದನ್ನು ಹೊರಗೆ ತೆಗೆಯಬೇಡಿ. ನೀವು ಯಾರು, ಕೆಲಸ ಹೇಗೆ ಮಾಡುತ್ತೀರಿ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಹೊಸಬನಿಗೆ ಕಣ್ಣಿಗೆ ಬಿದ್ದ ಮೊದಲ ವಸ್ತುವೇ ಹೆಸರಾಗಿಬಿಡುತ್ತದೆ. "ಆ ರೋಲೆಕ್ಸ್ ಹುಡುಗ" ಅಂತ ಒಮ್ಮೆ ಕರೆದರೆ, ನೀವು ಎಷ್ಟು ಚೆನ್ನಾಗಿ ಲೆಕ್ಕದ ಮಾಡೆಲ್ ಕಟ್ಟಿದರೂ ಆ ಹೆಸರು ಬಿಡುವುದಿಲ್ಲ. ಎಕ್ಸೆಲ್‌ನಲ್ಲಿ ಒಂದು ತಪ್ಪಾದರಂತೂ ಕೇಳುವುದೇ ಬೇಡ.

ಆ ಮೂರು ತಿಂಗಳಲ್ಲಿ ನಿಮಗಿಂತ ಒಂದು ಮತ್ತು ಎರಡು ಮೆಟ್ಟಿಲು ಮೇಲಿರುವವರ ಕೈ ನೋಡಿ. ತೀರಾ ಮೇಲಿನ ಬಾಸ್ ಲೆಕ್ಕಕ್ಕಿಲ್ಲ. ಅವರು ಏನು ಬೇಕಾದರೂ ಹಾಕಬಹುದು, ಕೆಲವರು ಬೇಕೆಂದೇ ಪ್ಲಾಸ್ಟಿಕ್ ಕ್ಯಾಸಿಯೋ ಕಟ್ಟುತ್ತಾರೆ. ನಿಮ್ಮ ಅಳತೆಗೋಲು ನಿಮ್ಮ ಕೆಲಸ ತಿದ್ದುವ ಸೀನಿಯರ್. ಅವರ ಕೈಯಲ್ಲಿ ಟೈಟನ್ ಇದ್ದು ನಿಮ್ಮ ಕೈಯಲ್ಲಿ ಒಮೆಗಾ ಇದ್ದರೆ, ಅವರು ಏನೂ ಅನ್ನದಿದ್ದರೂ ನಿಮಗೇ ಕೈ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಬರೆದಿಟ್ಟ ಡ್ರೆಸ್ ಕೋಡ್ ಇದ್ದರೆ ಓದಿ, ಆದರೆ ಅದನ್ನೇ ನಂಬಿ ಕೂರಬೇಡಿ. ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕು 2010ರಲ್ಲಿ ತನ್ನ ಸಿಬ್ಬಂದಿಗೆ 40ಕ್ಕೂ ಹೆಚ್ಚು ಪುಟಗಳ ಉಡುಪಿನ ಕೈಪಿಡಿ ಕೊಟ್ಟಿತ್ತು. ವಾಚು ಕಟ್ಟಿ, ಅದರಿಂದ ನಂಬಿಕೆ ಹುಟ್ಟುತ್ತದೆ ಎಂಬ ಸಲಹೆ ಅದರಲ್ಲಿತ್ತು. ಈರುಳ್ಳಿ, ಬೆಳ್ಳುಳ್ಳಿ ತಿಂದು ಬರಬೇಡಿ ಅಂತಲೂ ಇತ್ತು, ಒಳ ಉಡುಪಿನ ಬಣ್ಣದ ಬಗ್ಗೆಯೂ ಇತ್ತು! ಜಗತ್ತೆಲ್ಲ ನಕ್ಕ ಮೇಲೆ ಬ್ಯಾಂಕು ಅದನ್ನು ತಿದ್ದಿತು. 2019ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಉಲ್ಟಾ ದಾರಿ ಹಿಡಿಯಿತು. ಉಡುಪಿನ ನಿಯಮ ಸಡಿಲಿಸಿ, ನಿಮ್ಮ ವಿವೇಚನೆಗೆ ಬಿಟ್ಟಿದ್ದು ಅಂದಿತು. ಈಗ ಹೆಚ್ಚಿನ ಕಡೆ ಇದೇ ಗಾಳಿ. ಸೂಟು ಹೋಯಿತು, ಟೈ ಹೋಯಿತು. ಗಂಡಸರ ಮೈಮೇಲೆ ಕಣ್ಣಿಗೆ ಬೀಳುವುದು ವಾಚು, ಬೆಲ್ಟು, ಶೂ ಇಷ್ಟೇ. ಅದಕ್ಕೇ ವಾಚಿನ ಮೇಲೆ ಈಗ ಮೊದಲಿಗಿಂತ ಕಣ್ಣು ಜಾಸ್ತಿ.

ಹೆಜ್ಜೆ 3: ಲೆಕ್ಕ ಹಾಕಿ, ಸುಳ್ಳು ಲೆಕ್ಕ ಬೇಡ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮನೆಯಲ್ಲಿ ಕೇಳಿ ಬೆಳೆದವರಿಗೂ ಇಎಂಐ ಬಂದ ಮೇಲೆ ಹಾಸಿಗೆ ಎಷ್ಟುದ್ದ ಅಂತಲೇ ಮರೆತುಹೋಗಿದೆ. ಹೊಸಬರಿಗೆ ನಾನು ಹೇಳುವ ಅಳತೆ ಇದು: ಒಂದು ಸಾಮಾನ್ಯ ದಿನ ಆಫೀಸಿಗೆ ಹೋಗುವಾಗ ವಾಚು, ಬೆಲ್ಟು, ಶೂ, ಬ್ಯಾಗು, ಪೆನ್ನು, ಕನ್ನಡಕ ಎಲ್ಲ ಸೇರಿ ಒಂದು ತಿಂಗಳು ಕೈಗೆ ಬರುವ ಸಂಬಳ ದಾಟಬಾರದು. ತಿಂಗಳಿಗೆ 60,000 ಬರುತ್ತದೆ ಅನ್ನಿ. ಹಾಗಾದರೆ 30,000ದ ವಾಚು, ಉಳಿದಿದ್ದರಲ್ಲಿ ಬಾಕಿಯೆಲ್ಲ. ಇದು ಶಾಸ್ತ್ರವಲ್ಲ, ನನ್ನ ಅಂದಾಜು. ಆದರೆ ಈ ಅಂದಾಜಿನೊಳಗೆ ಇದ್ದವರನ್ನು ಯಾರೂ ಎರಡನೇ ಸಲ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಒಡವೆಯನ್ನೂ ಫೋನನ್ನೂ ಇದರಿಂದ ಹೊರಗಿಟ್ಟಿದ್ದೇನೆ. ಒಡವೆಯ ಮಾತು ಮುಂದೆ ಬರುತ್ತದೆ. ಫೋನಿನದು ವಿಚಿತ್ರ. ಲಕ್ಷ ರೂಪಾಯಿಯ ಐಫೋನ್ ಟೇಬಲ್ ಮೇಲಿಟ್ಟರೆ ಯಾರೂ ಕೇಳುವುದಿಲ್ಲ, ಅರ್ಧ ಬೆಲೆಯ ಟಿಸೊ ವಾಚಿಗೆ "ಎಷ್ಟಾಯ್ತು?" ಅಂತಾರೆ. ಫೋನು ಎಲ್ಲರ ಹತ್ತಿರ ಇದೆ, ಎಲ್ಲರದ್ದೂ ಕಂತಿನಲ್ಲೇ ಇದೆ. ಬಹುಶಃ ಅದಕ್ಕೇ.

ನೀವೇ ಕೊಳ್ಳುವುದಾದರೆ ಪೂರ್ತಿ ದುಡ್ಡು ಕೊಟ್ಟು ಕೊಳ್ಳಿ. ಕ್ರೆಡಿಟ್ ಕಾರ್ಡಿನ ಬಾಕಿ ಉರುಳಿಸುತ್ತ ಹೋದರೆ ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ ಅಂದರೂ ವರ್ಷಕ್ಕೆ 42 ಪರ್ಸೆಂಟ್. ಈ ಲೆಕ್ಕವನ್ನು ಬೇರೆಯವರಿಗೆ ಹೇಳಿಕೊಡುವುದೇ ನಮ್ಮ ಹೊಟ್ಟೆಪಾಡು! ಇನ್ನು "ವಾಚು ಒಂದು ಇನ್ವೆಸ್ಟ್‌ಮೆಂಟ್" ಅನ್ನುವ ಮಾತು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ದೊಡ್ಡ ಬ್ರ್ಯಾಂಡುಗಳ ಬೆಲೆ 2022ರ ಮೊದಲ ತಿಂಗಳುಗಳಲ್ಲಿ ಮುಗಿಲು ಮುಟ್ಟಿ ಆಮೇಲೆ ಜಾರಿತು. ಬೆರಳೆಣಿಕೆಯ ಮಾಡೆಲ್‌ಗಳನ್ನು ಬಿಟ್ಟರೆ ಉಳಿದವು ಅಂಗಡಿಯ ಬಾಗಿಲು ದಾಟಿದೊಡನೆ ಬೆಲೆ ಕಳೆದುಕೊಳ್ಳುತ್ತವೆ. ಇಷ್ಟವಾಯಿತು, ಕೊಂಡೆ ಅನ್ನಿ. ಅದು ನಿಜವಾದ ಮಾತು.

ತೆರಿಗೆ ಕಡೆಯಿಂದ ಎರಡು ಸಂಗತಿ ನೆನಪಿರಲಿ. ಎರಡು ಲಕ್ಷ ಮೀರಿದ ಖರೀದಿಗೆ ಅಂಗಡಿಯಲ್ಲಿ ಪ್ಯಾನ್ ಕೇಳುತ್ತಾರೆ. ಅಷ್ಟು ದುಡ್ಡನ್ನು ನಗದಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ಮೀರಿದ ವಾಚು, ಹ್ಯಾಂಡ್‌ಬ್ಯಾಗು, ತಂಪು ಕನ್ನಡಕ, ಶೂಗಳ ಮೇಲೆ ಮಾರುವವರು 1 ಪರ್ಸೆಂಟ್ ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನಿಗೆ ಅಂಟಿಕೊಂಡು ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣುತ್ತದೆ. ರಿಟರ್ನ್ ತುಂಬುವಾಗ ವಾಪಸ್ ಪಡೆಯಬಹುದು, ದುಡ್ಡೇನೂ ಹೋಗುವುದಿಲ್ಲ. ಆದರೆ ಏಳು ಲಕ್ಷ ಆದಾಯ ತೋರಿಸಿ ಹನ್ನೆರಡು ಲಕ್ಷದ ವಾಚು ಕೊಂಡವರು ವಿವರಣೆ ಸಿದ್ಧ ಇಟ್ಟುಕೊಳ್ಳಬೇಕು.

ಹೆಜ್ಜೆ 4: ಹಾಕುವುದಾದರೆ ಒಂದೇ ಹಾಕಿ

ದುಬಾರಿ ವಾಚು ಕಟ್ಟಿದ ದಿನ ಉಳಿದದ್ದೆಲ್ಲ ಸಾದಾ ಇರಲಿ. ದೊಡ್ಡ ವಾಚು, ದೊಡ್ಡ ಬಕಲ್ಲಿನ ಬೆಲ್ಟು, ಲೋಗೋ ತುಂಬಿದ ಬ್ಯಾಗು ಎಲ್ಲ ಒಟ್ಟಿಗೆ ಬಂದರೆ ಅಲ್ಪನಿಗೆ ಐಶ್ವರ್ಯ ಬಂದ ಗಾದೆಯನ್ನು ಯಾರೋ ಒಬ್ಬರು ಹಿಂದೆ ಅಂದೇ ಅನ್ನುತ್ತಾರೆ. ಅರ್ಧರಾತ್ರಿಯಲ್ಲಿ ಕೊಡೆ ಹಿಡಿದಂತೆಯೇ ಕಾಣುತ್ತದೆ ಕೂಡ.

ವಾಚಿನಲ್ಲಿ ಬೆಲೆಗಿಂತ ಗಾತ್ರ ಮುಖ್ಯ. ಅಂಗಿಯ ತೋಳಿನೊಳಗೆ ಜಾರಿ ಸೇರುವ ತೆಳು ವಾಚು ಎರಡು ಲಕ್ಷದ್ದಾದರೂ ಸದ್ದು ಮಾಡುವುದಿಲ್ಲ. ಎರಡು ಸಾವಿರದ ದಪ್ಪ ಚಿನ್ನದ ಬಣ್ಣದ್ದು ಇಡೀ ಮೀಟಿಂಗ್ ರೂಮಿಗೆ ಕೇಳಿಸುತ್ತದೆ. ಚರ್ಮದ ಪಟ್ಟಿ, ಬಿಳಿ ಅಥವಾ ಕಪ್ಪು ಡಯಲ್, ಅಷ್ಟು ಸಾಕು. ತೆಳು ವಾಚು ಬೇಕಾದರೆ ಸ್ವಿಟ್ಜರ್ಲೆಂಡಿಗೇ ಹೋಗಬೇಕಿಲ್ಲ. ಟೈಟನ್ 2002ರಲ್ಲಿ ತಂದ ಎಡ್ಜ್ 3.5 ಮಿಲಿಮೀಟರ್ ದಪ್ಪದ್ದು. ನಮ್ಮ ಪಕ್ಕದ ಹೊಸೂರಿನ ಕಂಪನಿ. ಫೈನಾನ್ಸ್‌ನ ಜೂನಿಯರ್‌ಗಳಿಗೆ ಅದಕ್ಕಿಂತ ಒಳ್ಳೆ ವಾಚು ನನಗೆ ಹೊಳೆಯುತ್ತಿಲ್ಲ. ಅಪ್ಪನದ್ದೋ ಅಜ್ಜನದ್ದೋ ಎಚ್‌ಎಂಟಿ ಮನೆಯಲ್ಲಿದ್ದರೆ ಸರ್ವಿಸ್ ಮಾಡಿಸಿ ಕಟ್ಟಿ. ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಯಾಕ್ಟರಿಯ ಮಾಲು ಅದು. ಮಾತು ಶುರು ಮಾಡಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಿರಿಯ ಮ್ಯಾನೇಜರುಗಳು ಕೆಲಸ ಬಿಟ್ಟು ತಮ್ಮ ಮೊದಲ ವಾಚಿನ ಕಥೆ ಹೇಳುತ್ತಾರೆ.

ಬ್ಯಾಗಿನ ವಿಷಯದಲ್ಲಿ ಹುಡುಗಿಯರ ಮೇಲೆ ಕಣ್ಣು ಜಾಸ್ತಿ, ಇದು ನ್ಯಾಯವಲ್ಲ, ಆದರೆ ಹಾಗೇ ಇದೆ. ಮೈತುಂಬ ಹೆಸರು ಅಚ್ಚಾದ ಕ್ಯಾನ್ವಾಸ್ ಬ್ಯಾಗು ಕಂಡೊಡನೆ ಎಲ್ಲರಿಗೂ ಬ್ರ್ಯಾಂಡ್ ಗೊತ್ತಾಗುತ್ತದೆ. ಹೆಸರು ಕಾಣದ ಒಳ್ಳೆ ಚರ್ಮದ ಬ್ಯಾಗು ಲ್ಯಾಪ್‌ಟಾಪನ್ನೂ ಹಿಡಿಯುತ್ತದೆ, ಮಾತನ್ನೂ ಹುಟ್ಟಿಸುವುದಿಲ್ಲ. ಬೆಲ್ಟು, ಶೂಗಳಿಗೆ ನಮ್ಮ ಸರ್ಕಾರದ್ದೇ ಲಿಡ್ಕರ್ ಅಂಗಡಿ ಇದೆ, ಅಪ್ಪಟ ಚರ್ಮ. ಬಕಲ್ ಸಣ್ಣದಿದ್ದರೆ ಯಾವ ಕಂಪನಿಯದ್ದು ಅಂತ ಯಾರಿಗೆ ಬೇಕು?

ಪೆನ್ನಿನ ಬಗ್ಗೆ ಒಂದೇ ಸಲಹೆ. ದುಬಾರಿ ಪೆನ್ನು ಒಯ್ಯುವವರು ಜೊತೆಗೆ ಹತ್ತು ರೂಪಾಯಿಯ ಪೆನ್ನೂ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಪೆನ್ನಿಗೆ ದಾರ ಕಟ್ಟಿಟ್ಟ ವೃತ್ತಿ ನಮ್ಮದು, ಯಾಕೆ ಕಟ್ಟಿದ್ದರು ಅಂತ ಎಲ್ಲರಿಗೂ ಗೊತ್ತು.

ಸ್ಮಾರ್ಟ್ ವಾಚು ಎಲ್ಲ ಕಡೆಯೂ ಸುರಕ್ಷಿತ, ಒಂದು ಜಾಗ ಬಿಟ್ಟು. ಷೇರು, ಕರೆನ್ಸಿ ಕೊಂಡು ಮಾರುವ ಡೀಲಿಂಗ್ ರೂಮಿನಲ್ಲಿ ಮಾತುಕತೆಯೆಲ್ಲ ರೆಕಾರ್ಡ್ ಆಗುವ ಲೈನಿನಲ್ಲೇ ನಡೆಯಬೇಕು, ಮೊಬೈಲ್ ಹೊರಗೇ ಇರಬೇಕು ಎಂಬ ನಿಯಮ ಇರುತ್ತದೆ. ಮೆಸೇಜು ಬರುವ ವಾಚಿಗೂ ಅದೇ ನಿಯಮ ಅನ್ವಯಿಸಬಹುದು. ಒಳಗೆ ಕಾಲಿಡುವ ಮೊದಲು ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್‌ನವರನ್ನು ಕೇಳಿ.

ಹೆಜ್ಜೆ 5: ಚಿನ್ನಕ್ಕೆ ಬೇರೆ ನಿಯಮ

ನಮ್ಮ ಕಡೆ ಚಿನ್ನವನ್ನು ಜನ ಶೋಕಿ ಅಂತ ಓದುವುದಿಲ್ಲ, ಮನೆತನ ಅಂತ ಓದುತ್ತಾರೆ. ತಾಳಿ ಸರ, ಕರಿಮಣಿ, ಎರಡು ಬಳೆ, ನಿಶ್ಚಿತಾರ್ಥದ ಉಂಗುರ ಇವುಗಳ ಬೆಲೆ ವಾಚಿಗಿಂತ ಎಷ್ಟೋ ಪಟ್ಟು ಇದ್ದರೂ ಯಾರೂ ಸಂಬಳಕ್ಕೆ ತಾಳೆ ಹಾಕುವುದಿಲ್ಲ. ಮದುವೆಯಾದ ಹೊಸದರಲ್ಲಿ ಕೈತುಂಬ ಬಳೆ, ಮೆಹಂದಿ ಇಟ್ಟುಕೊಂಡು ಬಂದರೆ "ಊಟ ಯಾವಾಗ?" ಅಂತ ಮಾತ್ರ ಕೇಳುತ್ತಾರೆ. ಜ್ಯೋತಿಷಿ ಹೇಳಿದ ಹರಳಿನ ಉಂಗುರಕ್ಕೂ ವಿನಾಯಿತಿ ಉಂಟು, ಒಂದು ಬೆರಳಿಗೆ ಒಂದಾದರೆ. ನಾಲ್ಕು ಬೆರಳಿಗೆ ನಾಲ್ಕಾದರೆ ಬಡ್ಡಿ ವ್ಯವಹಾರದವರ ಹಾಗೆ ಕಾಣುತ್ತೀರಿ.

ಗಂಡಸರ ದಪ್ಪ ಕೈಚೈನು, ಅಂಗಿಯ ಮೇಲಿನ ಗುಂಡಿ ಬಿಚ್ಚಿ ತೋರಿಸುವ ಸರ, ಇವನ್ನು ಕಾರ್ಪೊರೇಟ್ ಆಫೀಸಿಗೆ ತರಬೇಡಿ. ಸರ ಇದ್ದರೆ ಅಂಗಿಯೊಳಗೆ ಇರಲಿ. ಬಳೆಯ ವಿಷಯದಲ್ಲಿ ಅಡ್ಡಿ ಶಬ್ದದ್ದು. ಕೀಬೋರ್ಡು ಕುಟ್ಟುವಾಗ ಬಳೆ ಟೇಬಲ್ಲಿಗೆ ತಾಗಿ ಕಾಲ್‌ನಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಮ್ಯೂಟ್ ಇದೆ, ಬಳಸಿ.

ಮದುವೆಯಲ್ಲಿ ಬಂದ ಉಡುಗೊರೆಗೆ, ಯಾರೇ ಕೊಟ್ಟಿರಲಿ, ತೆರಿಗೆ ಇಲ್ಲ. ಬೇರೆ ಸಮಯದಲ್ಲಿ ಅಪ್ಪ, ಅಮ್ಮ, ಅಣ್ಣ, ಅಕ್ಕ, ಸೋದರಮಾವ, ಚಿಕ್ಕಪ್ಪ, ಅತ್ತೆ, ಮಾವ ಕೊಟ್ಟದ್ದಕ್ಕೂ ಇಲ್ಲ. ಆದರೆ ದೊಡ್ಡಪ್ಪನ ಮಗನಾಗಲಿ ಗೆಳೆಯನಾಗಲಿ ಕಾನೂನಿನ ಲೆಕ್ಕದಲ್ಲಿ ನೆಂಟನಲ್ಲ. ಅಂಥವರಿಂದ ವರ್ಷದಲ್ಲಿ 50,000 ಮೀರಿದ ಒಡವೆ ಬಂದರೆ ಅದು ನಿಮ್ಮ ಆದಾಯಕ್ಕೆ ಸೇರುತ್ತದೆ.

ಹೆಜ್ಜೆ 6: ಕೇಳಿದಾಗ ಏನು ಹೇಳಬೇಕು

ಕೇಳಿಯೇ ಕೇಳುತ್ತಾರೆ. "ಏನಪ್ಪಾ, ವಾಚು ಜೋರಾಗಿದೆ!" ಉತ್ತರ ಒಂದೇ ಸಾಲಿನದ್ದಿರಲಿ. "ಮದುವೇಲಿ ಮಾವ ಕೊಟ್ಟಿದ್ದು ಸಾರ್." ಮುಗಿಯಿತು. ನೀವೇ ಕೊಂಡಿದ್ದರೆ, "ಬೋನಸ್ ಬಂತಲ್ಲ ಮೇಡಂ, ಬಹಳ ದಿನದ ಆಸೆ ಇತ್ತು." ಇದೂ ಮುಗಿಯಿತು. ಬೆಲೆ ಹೇಳಬೇಡಿ. "ಅಯ್ಯೋ, ಡಿಸ್ಕೌಂಟ್‌ನಲ್ಲಿ ಸಿಕ್ತು" ಅಂತ ಎಳೆಯಬೇಡಿ. ಮಾಡೆಲ್ ನಂಬರು, ಮೂವ್‌ಮೆಂಟು, ಹರಳು ಗಾಜು ಅಂತ ಪಾಠವನ್ನಂತೂ ಮಾಡಲೇಬೇಡಿ, ಎದುರಿನವರೂ ವಾಚಿನ ಹುಚ್ಚಿನವರು ಅಂತ ಖಾತ್ರಿಯಾಗುವ ತನಕ. ಮನೆಯ ಆಸ್ತಿಯ ಸುದ್ದಿಯೂ ಬೇಡ. "ನಮ್ಮದು ಕಾಫಿ ತೋಟ ಇದೆ" ಅಂದವರಿಗೆ ಸಂಬಳ ಏರಿಸುವ ಹೊತ್ತಿನಲ್ಲಿ "ನಿನಗೇನಪ್ಪಾ ಕಮ್ಮಿ" ಅನ್ನುವ ಮಾತು ಎದುರಾಗುತ್ತದೆ. ತಮಾಷೆಗೇ ಅಂದಿರುತ್ತಾರೆ, ಆದರೆ ತಮಾಷೆಯೂ ರೇಟಿಂಗಿನ ಹತ್ತಿರ ಬರಬಾರದು.

ಹೆಜ್ಜೆ 7: ಈ ಎರಡು ಯಾವತ್ತೂ ಬೇಡ

ಫಸ್ಟ್ ಕಾಪಿ ಬೇಡ. ಗ್ರಾಹಕರ ಕಾಗದ ಅಸಲಿಯೋ ನಕಲಿಯೋ ಅಂತ ನೋಡುವ ಕೆಲಸದಲ್ಲಿ ಕೂತು ನಕಲಿ ರೋಲೆಕ್ಸ್ ಕಟ್ಟುವುದು ಹೇಗಿರುತ್ತದೆ, ನೀವೇ ಯೋಚಿಸಿ. ವಾಚು ಬಲ್ಲವರು ಎಲ್ಲ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ನಿಮ್ಮ ಮುಂದಿನ ರಿಪೋರ್ಟನ್ನು ಇನ್ನೊಂದು ಸಲ ಓದುತ್ತಾರೆ, ಅಷ್ಟೆ. ಐದು ಸಾವಿರಕ್ಕೆ ನಕಲಿ ಕೊಳ್ಳುವ ಬದಲು ಐದು ಸಾವಿರದ ಅಸಲಿ ಟೈಟನ್ನೋ ಕ್ಯಾಸಿಯೋ ಕೊಳ್ಳಿ.

ಕ್ಲೈಂಟ್, ವೆಂಡರ್, ಸಾಲಗಾರ ಕೊಟ್ಟದ್ದು ಬೇಡ. ದೀಪಾವಳಿಗೆ ಡ್ರೈ ಫ್ರೂಟ್ಸ್ ಡಬ್ಬಿಯ ಜೊತೆ ಒಂದು ವಾಚಿನ ಡಬ್ಬಿಯೂ ಬರಬಹುದು. ಅದನ್ನು ಹಿಂದಿರುಗಿಸಿ, ಆಗದಿದ್ದರೆ ಅದೇ ದಿನ ಮ್ಯಾನೇಜರಿಗೂ ಕಂಪ್ಲಯನ್ಸ್‌ಗೂ ಮೇಲ್ ಹಾಕಿ. ಹೆಚ್ಚಿನ ಕಂಪನಿಗಳಲ್ಲಿ ಉಡುಗೊರೆಗೆ ಅಂತಲೇ ರಿಜಿಸ್ಟರ್ ಇರುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಮೇಲ್ ಬೇಕು.

ಹೆಜ್ಜೆ 8: ಕಾಗದ ಪತ್ರ

ಬಿಲ್ಲು, ವಾರಂಟಿ ಕಾರ್ಡು, ಸೀರಿಯಲ್ ನಂಬರಿನ ಫೋಟೋ ಮೂರನ್ನೂ ಒಂದು ಕಡೆ ಇಡಿ. ಉಡುಗೊರೆಯಾದರೆ ಕೊಟ್ಟವರಿಂದ ಬಿಲ್ಲಿನ ಪ್ರತಿ ಕೇಳಿ ಪಡೆಯಿರಿ. ಕೇಳಲು ಮುಜುಗರ ಆಗುತ್ತದೆ, ಆದರೂ ಕೇಳಿ. ಕಳುವಾದರೆ ಪೊಲೀಸ್ ದೂರಿಗೂ ಇನ್ಶೂರೆನ್ಸ್‌ಗೂ ಅದೇ ಆಧಾರ. ಮನೆಯ ಇನ್ಶೂರೆನ್ಸ್ ಪಾಲಿಸಿ ಇದ್ದರೆ ಮನೆಯ ಹೊರಗೆ ಕಳೆದ ವಸ್ತುವಿಗೂ ಅನ್ವಯಿಸುತ್ತದಾ ಅಂತ ಓದಿ, ಎಷ್ಟೋ ಪಾಲಿಸಿಗಳಲ್ಲಿ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ವಿದೇಶದಿಂದ ಹೊಸ ವಾಚು ತಂದಾಗ ಬೆಲೆ ಸುಂಕದ ಮಿತಿ ದಾಟಿದ್ದರೆ ಏರ್‌ಪೋರ್ಟಿನಲ್ಲಿ ಸುಂಕದ ವಸ್ತು ಇದೆ ಅನ್ನುವವರ ರೆಡ್ ಚಾನೆಲ್‌ಗೆ ಹೋಗಿ ಸುಂಕ ಕಟ್ಟಿ ರಸೀದಿ ತೆಗೆದುಕೊಳ್ಳಿ. ಕೈಗೆ ಕಟ್ಟಿಕೊಂಡು ಬಂದರೆ ಗೊತ್ತಾಗುವುದಿಲ್ಲ ಅನ್ನುವ ಸಲಹೆ ಕೊಡುವವರು ಜಾಸ್ತಿ. ಸಿಕ್ಕಿಬಿದ್ದರೆ ಫೈನಾನ್ಸ್ ಕೆಲಸದಲ್ಲಿ ಬ್ಯಾಕ್‌ಗ್ರೌಂಡ್ ಚೆಕ್ ಎದುರಿಸುವವರು ನೀವು, ಅವರಲ್ಲ. ಹಾಗೆಯೇ ಟ್ರೇನಿಂಗಿಗೆ ಅಂತ ಕಂಪನಿ ಲಂಡನ್ನಿಗೋ ಸಿಂಗಪುರಕ್ಕೋ ಕಳಿಸಿದಾಗ, ನಿಮ್ಮ ದುಬಾರಿ ವಾಚು, ಒಡವೆ ಒಯ್ಯುವುದಿದ್ದರೆ ಹೊರಡುವ ಮೊದಲು ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ವಾಪಸ್ ಬರುವಾಗ ಇದು ಇಲ್ಲಿಂದಲೇ ಹೋಗಿದ್ದು ಅಂತ ತೋರಿಸಲು ಅದು ಬೇಕು. ಸ್ವಲ್ಪ ಸಮಯ ಹಿಡಿಯುತ್ತದೆ, ಬಿಲ್ಲು ಜೊತೆಗಿರಲಿ, ಬೋರ್ಡಿಂಗ್‌ಗೆ ಓಡುವ ಹೊತ್ತಿಗೆ ಇಟ್ಟುಕೊಳ್ಳಬೇಡಿ.